ಅಪ್ಪನ ರೇಡಿಯೋ ಮೇಲೆ ಕಾಲು

ಹೋದ ರವಿವಾರ ನನ್ನ ಮಗಳು ನಮ್ಮಪ್ಪನ ರೇಡಿಯೋ ಮೇಲೆ ಕಾಲಿಟ್ಟಳು. ಎಡವಿ ಅಲ್ಲ, ಜಾರಿ ಅಲ್ಲ. ಬೇಕೆಂದೇ, ಹೆಬ್ಬೆರಳಿನಿಂದ ಒತ್ತಿದಳು.

ಪೇಪರಿಗೆ ಕಾಲು ತಾಕಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು. ನನ್ನ ಎದೆ ಧಸಕ್ಕೆಂದಿತು. ನಿಮ್ಮದೂ ಅನ್ನುತ್ತಿತ್ತು ಬಿಡಿ.

ಮೊದಲಿನಿಂದ ಹೇಳುತ್ತೇನೆ. ಮಗಳು ಸ್ಫೂರ್ತಿ ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಾಳೆ. ಓದುವುದಕ್ಕಿಂತ ಜಾಸ್ತಿ ಗಿಟಾರ್ ಬಾರಿಸುತ್ತಾಳೆ. ಈಗ ಅವಳಿಗೆ ಪೆಡಲ್ ಕಟ್ಟುವ ಹುಚ್ಚು. ಪೆಡಲ್ ಅಂದರೆ ಸೈಕಲ್ಲಿನದಲ್ಲ. (ನಾನೂ ಹಾಗೇ ತಿಳಿದಿದ್ದೆ.) ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲಿಡುವ ಸಣ್ಣ ಡಬ್ಬಿ, ಅದರ ಮೇಲೊಂದು ಸ್ವಿಚ್. ಬಾರಿಸುವಾಗ ಕೈ ಖಾಲಿ ಇರುವುದಿಲ್ಲವಲ್ಲ, ಅದಕ್ಕೇ ಕಾಲಿನಿಂದ ಒತ್ತಬೇಕು. ಒತ್ತಿದರೆ ಚೆಂದದ ಗಿಟಾರ್ ಹಿಟ್ಟಿನ ಗಿರಣಿಯಂತೆ ಗರಗರ ಅನ್ನುತ್ತದೆ. ಇದಕ್ಕಾಗಿ ಯಾರಾದರೂ ನಿದ್ದೆಗೆಡುತ್ತಾರೆಯೇ? ನಮ್ಮ ಮನೆಯಲ್ಲಿ ನಿದ್ದೆಗೆಡುತ್ತಾರೆ.

ಅಂಗಡಿಯ ಪೆಡಲ್ ದುಬಾರಿ. ಹಾಗಾಗಿ ಇವಳು ಖಾಸಬಾಗದ ಗುಜರಿ ಅಂಗಡಿ ಸುತ್ತಿ ಸತ್ತ ಟೇಪ್ ರೆಕಾರ್ಡರ್‌ಗಳನ್ನು ಹೊತ್ತು ತರುತ್ತಾಳೆ. ರಾಮತೀರ್ಥ ನಗರದ ನಮ್ಮ ಮನೆಯ ಕಾಲಿಂಗ್ ಬೆಲ್ ಹೋಯಿತು. ನನ್ನ ಅಲ್ಯುಮಿನಿಯಂ ಊಟದ ಡಬ್ಬಿ ಹೋಯಿತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಮಗಳು ಏನೋ ಕಟ್ಟುತ್ತಿದ್ದಾಳೆ ಎಂದು ಆಫೀಸಿನಲ್ಲಿ ಎಲ್ಲರೆದುರು ಜಂಬ ಕೊಚ್ಚಿಕೊಂಡೆ.

ರಜೆಗೆ ಅವಳು ಖಾನಾಪುರಕ್ಕೆ ಹೋದಳು. ಅಲ್ಲಿ ನನ್ನ ತಮ್ಮನ ಸಂಸಾರ. ನಮ್ಮವ್ವ ಇರುವುದೂ ಅಲ್ಲೇ. ಪಡಸಾಲೆಯ ಗೂಡಿನಲ್ಲಿ ಅಪ್ಪನ ಫೋಟೋ, ಅದರ ಬಾಜು ಅಪ್ಪನ ರೇಡಿಯೋ.

ಅಪ್ಪ ಮಾಸ್ತರರಾಗಿದ್ದವರು. ಆ ರೇಡಿಯೋದ ಕಿವಿ ತಿರುವುವ ಹಕ್ಕು ಅವರೊಬ್ಬರದೇ. ನಾವು ಮುಟ್ಟಿದರೆ ಬೆನ್ನು ಬಿಸಿ. ಅವರು ತೀರಿಕೊಂಡ ಮೇಲೆ ಅದೂ ಮೂಕವಾಯಿತು. ಆದರೂ ಪ್ರತಿ ಖಂಡೇನವಮಿಗೆ ಕುಡುಗೋಲು, ಬೈಕುಗಳ ಜೊತೆ ಅದಕ್ಕೂ ವಿಭೂತಿ ಹಚ್ಚಿ, ಚೆಂಡು ಹೂ ಏರಿಸಿ ಕೈಮುಗಿಯುತ್ತೇವೆ. ಅಪ್ಪನದೆಂದು ನಮಗೆ ಉಳಿದದ್ದೇ ಅದೊಂದು.

ಮಗಳನ್ನು ಕರೆತರಲು ರವಿವಾರ ಹೋದೆ. ಪಡಸಾಲೆಯಲ್ಲಿ ಅವಳು ಗಿಟಾರ್ ಹಿಡಿದು ನಿಂತಿದ್ದಳು. ನೆಲದ ಮೇಲೆ ನನ್ನ ಊಟದ ಡಬ್ಬಿ, ಅದರಿಂದ ಹೊರಟ ವೈರು. ಒತ್ತಿದಳು ನೋಡಿ, ಗೋಡೆ ನಡುಗಿತು! ಭೇಷ್ ಎಂದು ಬೆನ್ನು ತಟ್ಟಿದೆ. ಒಳಗೆ ಏನು ಹಾಕಿದ್ದೀ ಎಂದು ಕೇಳಿದೆ. ಹಳೇ ಕಾಲದ ಟ್ರಾನ್ಸಿಸ್ಟರು, ಕಡಲೆಕಾಳಿನಷ್ಟು ಸಣ್ಣವು, ಅವುಗಳ ದನಿಯೇ ಬೇರೆ, ಈಗ ಹುಡುಕಿದರೂ ಸಿಗುವುದಿಲ್ಲ ಎಂದಳು.

ಹಾಗಾದರೆ ನಿನಗೆಲ್ಲಿ ಸಿಕ್ಕವು?

ಅವಳು ಗೂಡಿನ ಕಡೆ ನೋಡಿದಳು. ಅಪ್ಪನ ಫೋಟೋ ಇತ್ತು. ಬಾಜು ಖಾಲಿ.

ನಾನು ಬೈದದ್ದೆಲ್ಲ ಇಲ್ಲಿ ಬರೆಯುವಂಥದ್ದಲ್ಲ. ಅಜ್ಜನನ್ನೇ ತುಳಿದ ಹಾಗೆ ಎಂದೂ ಅಂದೆ. ಮಗಳ ಕಣ್ಣು ತುಂಬಿದವು.

“ನಾ ತಗದಿಲ್ಲ ಪಪ್ಪಾ. ಆಯೀನ ಬಿಚ್ಚಿ ಕೊಟ್ಟಾಳ. ಸ್ಕ್ರೂಡ್ರೈವರ್ ಅಷ್ಟ ನಂದು.”

ಆಯಿ ಎಂದರೆ ಅವಳ ಅಜ್ಜಿ, ನಮ್ಮವ್ವ. ಸ್ಕ್ರೂಡ್ರೈವರ್ ಹಿಡಿದ ಅವ್ವನನ್ನು ಕಲ್ಪಿಸಿಕೊಳ್ಳಲೂ ನನ್ನಿಂದ ಆಗಲಿಲ್ಲ. ನೇರ ಅಡುಗೆಮನೆಗೆ ನುಗ್ಗಿದೆ. ಅವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬೆಳ್ಳುಳ್ಳಿ ಇದ್ದದ್ದು ಯಾವುದರಲ್ಲಿ ಗೊತ್ತೇ? ಅಪ್ಪನ ರೇಡಿಯೋದ ಖಾಲಿ ಪೆಟ್ಟಿಗೆಯಲ್ಲಿ!

ಹಿಂಗ್ಯಾಕ ಮಾಡಿದಿ ಅಂತ ಕೇಳಿದೆ. ಅವ್ವ ಸುಲಿಯುತ್ತಲೇ ಹೇಳಿದಳು.

“ನಿಮ್ಮಪ್ಪಾರು ಸಾಲಿಗಿ ಹೋಗುಮುಂದ ಇದರಾಗಿನ ಸೆಲ್ ತಗದು ಕಿಸೇದಾಗ ಹಾಕ್ಕೊಂಡು ಹೋಗತಿದ್ರು. ನಾ ಒಬ್ಬಾಕಿ ಇದ್ದಾಗ ಹಾಡು ಕೇಳಬಾರದಂತ.”

ಸೆಲ್ ಉಳಿಸಲು ಇರಬೇಕು ಎಂದೆ. ಅಪ್ಪನ ಪರವಾಗಿ ಯಾರಾದರೂ ಮಾತಾಡಬೇಕಲ್ಲ?

“ಅವರು ದಿನಾ ಸಂಜಿಗೆ ಕೇಳಿದ್ರ ಸೆಲ್ ಮುಗೀತಿರಲಿಲ್ಲೇನು?”

ಅಪ್ಪನ ಕಿಸೆಯಲ್ಲಿ ಸೆಲ್ಲು ಕಟಕಟ ಸದ್ದು ಮಾಡುತ್ತಿದ್ದದ್ದು ನನಗೂ ನೆನಪಿದೆ. ಅಪ್ಪ ಎಷ್ಟು ಜತನದ ಮನುಷ್ಯ ಎಂದು ಇದೇ ಅಂಕಣದಲ್ಲಿ ಹೊಗಳಿ ಬರೆದಿದ್ದೇನೆ. (ನೀವು ಮೆಚ್ಚಿಕೊಂಡಿದ್ದಿರಿ.) ಆ ಸೆಲ್ಲಿಲ್ಲದ ರೇಡಿಯೋ ಎದುರು ಅವ್ವ ಇಡೀ ಹಗಲು ಹೇಗೆ ಕಳೆದಳು? ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

“ಖಂಡೇನವಮಿಗಿ ಇಬತ್ತಿ ಹಚ್ಚುಮುಂದ ಅಷ್ಟ ಅದನ್ನ ಮುಟ್ಟೀನಿ ನಾ,” ಎಂದಳು ಅವ್ವ. ಬೆಳ್ಳುಳ್ಳಿ ಸಿಪ್ಪೆ ಕೊಡವಿ ಎದ್ದಳು.

ಪಡಸಾಲೆಗೆ ಬಂದು ಮೊಮ್ಮಗಳಿಗೆ ಬಾರಿಸು ಎಂದಳು. ಸ್ಫೂರ್ತಿ ನನ್ನ ಮುಖ ನೋಡಿದಳು. ಅವ್ವನಿಗೆ ಮೊಣಕಾಲು ನೋವು, ಒಂಟಿ ಕಾಲಲ್ಲಿ ನಿಲ್ಲಲಾರಳು. ಆಸರೆಗೆ ನನ್ನ ಹೆಗಲೇ ಹಿಡಿದಳು. ಸೀರೆ ತುಸು ಎತ್ತಿ, ಬರಿಗಾಲಿನ ಹಿಮ್ಮಡಿಯಿಂದ ಡಬ್ಬಿಯ ಸ್ವಿಚ್ ಒತ್ತಿದಳು. ಗಿಟಾರ್ ಗರ್ರೆಂದಿತು. ಒಳಗಿಂದ ತಮ್ಮನ ಹೆಂಡತಿ ಗಾಬರಿಯಾಗಿ ಓಡಿ ಬಂದಳು. ಅವ್ವ ನಕ್ಕಳು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ.

ಈಗ ಬಗ್ಗುತ್ತಾಳೆ, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ ಎಂದು ಕಾದೆ. ಫೋಟೋದಲ್ಲಿ ಅಪ್ಪನೂ ಕಾಯುತ್ತಿದ್ದಂತಿತ್ತು. ಅವ್ವ ಬಗ್ಗಲಿಲ್ಲ. ಇನ್ನೊಮ್ಮೆ ಒತ್ತಿದಳು.

ಜೀವಮಾನವಿಡೀ ಕೈಗೆ ಸಿಗದ್ದು ಕಡೆಗೊಮ್ಮೆ ಕಾಲಿಗೆ ಸಿಕ್ಕರೆ, ಯಾರಾದರೂ ಒಂದೇ ಸಲ ಒತ್ತಿ ಸುಮ್ಮನಾಗುತ್ತಾರೆಯೇ?