ಹಂದಿ ಅಟ್ಟುವ, ಮುದ್ದೆ ತಿನ್ನುವ ನಾಯಿ

ಸಿಂಧಘಟ್ಟದ ತಿಮ್ಮರಾಜು ಪಕ್ಕದ ಮನೆಯ ಅಂದಾನಯ್ಯನಿಗೆ ಇನ್ನೂ ಎರಡು ನಾಟಿಕೋಳಿ ಕೊಡಬೇಕು. ತಿಮ್ಮರಾಜುವಿನ ಹಳೆಯ ಬೇಟೆನಾಯಿ ಕಬ್ಬಿನ ಗದ್ದೆಗೆ ನುಗ್ಗಿದ ಹಂದಿಯನ್ನು ಬಿಟ್ಟು ಪಕ್ಕದ ಮನೆಯ ಕೋಳಿಗಳನ್ನೇ ಮುಗಿಸಿತ್ತು. ಈಗ ಅವನಿಗೆ ಹೊಸ ತಳಿಯ ಹುಚ್ಚು. ನಾಗಮಂಗಲದಲ್ಲಿ ಮುಧೋಳ ತಳಿಯ ಮರಿ ಇದೆ ಎಂದರೆ ಉಣ್ಣುವ ತಟ್ಟೆ ಬಿಟ್ಟು ಬೈಕು ಹತ್ತುತ್ತಾನೆ. ಪಾಂಡವಪುರದಲ್ಲಿ ರಾಜಪಾಳ್ಯದ್ದಿದೆ ಎಂದರೆ ಅರ್ಧ ದಾರಿಯಲ್ಲೇ ಅತ್ತ ತಿರುಗುತ್ತಾನೆ. ಹೋದಲ್ಲೆಲ್ಲ ಒಂದೇ ಮಾತು: “ಗದ್ದೇಲಿ ಹಂದಿ ಅಟ್ಬೇಕು, ಮನೇಲಿ ಮುದ್ದೆ ತಿಂದು ಬಿದ್ದಿರ್ಬೇಕು, ಅಂತದ್ದು ತೋರ್ಸ್ಲಾ.” ಆಮೇಲೆ ತಾನೇ ಮಂಡಿಯೂರಿ ಹಂದಿಯಂತೆ ಗುರುಗುಟ್ಟುತ್ತಾನೆ, ಮರಿ ಮೇಲೆರಗಿದರೆ ಅರ್ಧ ಪಾಸು. ಉಳಿದರ್ಧ ಹೆಂಡತಿ ಚಿಕ್ಕಬೋರಮ್ಮನ ಕೈಯಲ್ಲಿದೆ. ಹಳೆಯ ನಾಯಿಯ ಹಲ್ಲಿನ ಗುರುತು ಆ ಕೈಯ ಮೇಲೇ ಇದೆ. ಮನೆಗೆ ತಂದ ಮರಿಯತ್ತ ಅವಳು ಆ ಕೈಯನ್ನು ತಾನಾಗಿ ಚಾಚುವವರೆಗೂ ತಿಮ್ಮರಾಜು ಹಗ್ಗ ಸಡಿಲಿಸುವುದಿಲ್ಲ. “ಇದು ಬ್ಯಾಡ, ಬುಟ್ಬನ್ನಿ” ಎಂದರೆ ಎಂಥ ತಳಿಯೂ ವಾಪಸ್ಸು. ನೀವೂ ನಾಯಿ ತರುವುದಾದರೆ, ಮನೆಯಲ್ಲಿ ಅದಕ್ಕೆ ಹೆದರುವವರ ಒಪ್ಪಿಗೆ ಮೊದಲು ಕೇಳಿ; ಕೇಳದೆ ತಂದಿದ್ದರೆ ಈಗಲೇ ಹೋಗಿ ಕೇಳಿ.