ಹುರುಪೆಯ ಗೆರೆ ಓದುವಾಕೆ

ಬೆಳಗಿನ ಐದೂಮುಕ್ಕಾಲು. ಪೊಟೊಮ್ಯಾಕ್ ನದಿಯ ದಂಡೆಯ ಮೀನು ಸಂಶೋಧನಾ ಲ್ಯಾಬಿನಲ್ಲಿ ಒಂದೇ ಒಂದು ಮೇಜಿನ ದೀಪ ಉರಿಯುತ್ತಿದೆ. ಐವತ್ತೆರಡರ ವಿದ್ಯಾವತಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದಾರೆ. ಡ್ಯೂಟಿ ಶುರುವಾಗುವುದು ಎಂಟಕ್ಕೆ. ಈ ಎರಡು ಗಂಟೆ ಅವರ ಸ್ವಂತದ್ದು. ಹಳೆಯ ಲಕೋಟೆಯಿಂದ ಉಗುರಗಲದ ಮೀನಿನ ಹುರುಪೆಯೊಂದನ್ನು ಚಿಮುಟದಲ್ಲಿ ಎತ್ತಿ, ಬೆಳಕಿಗೆ ಓರೆ ಮಾಡಿ, ಅವರ ಬಗ್ಗೆ ಬರೆಯಲು ಬಂದ ನನಗೆ ತೋರಿಸುತ್ತಾರೆ.

"ನೋಡಿ ಸರ್, ಗೆರೆ ಇರೋದು ಒಂದೇ. ನಾನು ಆಗ ಎರಡು ಅಂತ ಬರ್ದಿದೀನಿ. ಇನ್ನೊಂದು ಬರೀ ಗಾಯ."

ಹುರುಪೆ ಶಾಡ್ ಎಂಬ ಮೀನಿನದು. ಸಮುದ್ರದಲ್ಲಿ ಬೆಳೆಯುವ ಶಾಡ್ ಸಂತಾನಕ್ಕಾಗಿ ವಸಂತದಲ್ಲಿ ನದಿಗೆ ಏರಿ ಬರುತ್ತದೆ. ದಾರಿಯುದ್ದಕ್ಕೂ ಹೆಚ್ಚೂಕಡಿಮೆ ಉಪವಾಸ. ಮೈಯ ಕೊಬ್ಬು ಸಾಲದೆ ತನ್ನ ಹುರುಪೆಯ ಅಂಚನ್ನೂ ಕರಗಿಸಿಕೊಳ್ಳುತ್ತದೆ. ಬದುಕಿ ಸಮುದ್ರಕ್ಕೆ ಮರಳಿದರೆ ಅಂಚು ಮತ್ತೆ ಬೆಳೆಯುತ್ತದೆ, ಕರಗಿದ ಜಾಗ ಗೆರೆಯಾಗಿ ಉಳಿಯುತ್ತದೆ. ಎಷ್ಟು ಗೆರೆಯೋ ಅಷ್ಟು ಸಲ ಬಂದುಹೋಗಿದೆ ಎಂದರ್ಥ. ದಕ್ಷಿಣ ಕೆರೊಲಿನಾದ ನದಿಗಳ ಶಾಡ್‌ನಲ್ಲಿ ಗೆರೆ ಸಿಗುವುದೇ ಅಪರೂಪ. ಮೊದಲ ಸಲವೇ ಸತ್ತುಹೋಗುತ್ತವೆ. ನದಿಯಲ್ಲೇ ಹುಟ್ಟಿ ಅಲ್ಲೇ ಇರುವ ಬಾಸ್ ಮೀನಿಗೆ ಈ ಪ್ರಯಾಣದ ದಂಡವಿಲ್ಲ. ಗೂಡು ಕಾಯುವ ಗಂಡು ಕೆಲವು ದಿನ ಹೊಟ್ಟೆ ಕಟ್ಟಿದರೆ ಮುಗಿಯಿತು.

ವಿದ್ಯಾವತಿ ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಗಂಡನೊಂದಿಗೆ ಈ ದೇಶಕ್ಕೆ ಬಂದವರು. ವೀಸಾದ ದೆಸೆಯಿಂದ ಎಂಟು ವರ್ಷ ಕೆಲಸ ಮಾಡುವ ಹಾಗಿರಲಿಲ್ಲ. ಹತ್ತಿರದ ಆಶ್‌ಬರ್ನ್ ಊರಿನ ಮನೆಯಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿದರು. ಆ ಎಂಟು ವರ್ಷವೂ ಇಂಥದೇ ಗೆರೆಯಲ್ಲವೇ ಎಂದು ನಾನು ಜಾಣತನ ತೋರಿಸಲು ಹೋದೆ.

"ಮೀನು ಮೀನೇ ಸರ್. ನನ್ನನ್ನ ಮಧ್ಯ ತರ್ಬೇಡಿ."

೨೦೧೨ರಿಂದ ಗುತ್ತಿಗೆ ಕೆಲಸ. ದಿನಕ್ಕೆ ಅರವತ್ತು ಹುರುಪೆ. ಇದುವರೆಗೆ ಲಕ್ಷ ದಾಟಿದೆ. ಅವರ ಕಣ್ಣನ್ನು ನಂಬಿ ಬಂದ ಒಂಬತ್ತು ವರದಿಗಳಲ್ಲಿ ಅವರ ಹೆಸರು ಹುಡುಕಿದೆ. ಒಂದರಲ್ಲೂ ಇಲ್ಲ. ನನಗೆ ಮೈ ಉರಿಯಿತು. ಅವರು ಕಾಫಿ ಬಗ್ಗಿಸಿಕೊಟ್ಟರು.

ಪ್ರತಿ ಹುರುಪೆಯನ್ನೂ ಇಬ್ಬರು ಬೇರೆಬೇರೆಯಾಗಿ ಓದಬೇಕು, ಇಬ್ಬರ ಎಣಿಕೆ ಹೊಂದಬೇಕು ಎಂಬುದು ಇಲ್ಲಿಯ ನಿಯಮ. ಕಳೆದ ವರ್ಷ ಎರಡನೆಯವರನ್ನು ಮನೆಗೆ ಕಳಿಸಿ ಕಂಪ್ಯೂಟರ್ ಪ್ರೋಗ್ರಾಂ ತಂದು ಕೂರಿಸಿದರು. ಅದಕ್ಕೆ ಪಾಠವಾದದ್ದು ವಿದ್ಯಾವತಿಯವರ ಹಳೆಯ ಎಣಿಕೆಗಳೇ. "ನಾನು ಹೇಳಿದ್ದನ್ನ ನಾನೇ ಓಕೆ ಮಾಡಿದ ಹಾಗಾಯ್ತು," ಎನ್ನುತ್ತಾರೆ.

ಮೊದಲೆರಡು ವರ್ಷ ಅವರು ಗಾಯಗಳನ್ನೂ ಗೆರೆಯೆಂದು ಎಣಿಸಿದ್ದರು, ಎರಡನೆಯವರ ಕಣ್ಣಿಗೂ ಅವು ಗೆರೆಯಾಗಿಯೇ ಕಂಡಿದ್ದವು. ಪ್ರೋಗ್ರಾಂ ಆ ತಪ್ಪನ್ನೂ ಕಲಿತಿದೆ. ಹಾಗಾಗಿ ಶಾಡ್ ಮತ್ತೆಮತ್ತೆ ಬರುತ್ತಿದೆ, ಮೀನಿಗೆ ತ್ರಾಣ ಬೇಕಾದಷ್ಟಿದೆ ಎಂದು ವರದಿ ಹೊರಟಿತು. ಅದನ್ನೇ ಹಿಡಿದು, ಉಪನದಿಯ ಅಣೆಕಟ್ಟಿನ ಪಕ್ಕ ಮೀನು ಹತ್ತಲು ದಾರಿ ಕಟ್ಟುವ ಯೋಜನೆಯನ್ನು ಕೈಬಿಟ್ಟರು. ವಿದ್ಯಾವತಿ ಮೇಲಿನವರ ಬಳಿ ಹೋಗಿ ತಪ್ಪು ಒಪ್ಪಿಕೊಂಡರು. ಪ್ರೋಗ್ರಾಂ ಎಲ್ಲ ಕಡೆ ಒಂದೇ ರೀತಿ ಎಣಿಸುತ್ತಿದೆ, ಅಷ್ಟು ಸಾಕು ಎಂಬ ಉತ್ತರ ಬಂತು. ತಪ್ಪನ್ನು ಒಂದೇ ರೀತಿ ಮಾಡಿದರೆ ಸರಿಯಾಗಿಬಿಡುತ್ತದೆಯೇ?

ಜೂನ್ ಮೂವತ್ತಕ್ಕೆ ಅವರ ಗುತ್ತಿಗೆ ಮುಗಿಯುತ್ತದೆ. ಫೋಟೋ ತೆಗೆದಿಟ್ಟಿದ್ದೇವೆಂದು ಹಳೆಯ ಲಕೋಟೆಗಳೂ ಅಂದೇ ಕಸಕ್ಕೆ. "ಫೋಟೋದಲ್ಲಿ ಗಾಯ, ಗೆರೆ ಎರಡೂ ಒಂದೇ ಥರ ಕಾಣುತ್ತೆ. ಹುರುಪೆನ ಟಿಲ್ಟ್ ಮಾಡಿದ್ರೇನೆ ಗೊತ್ತಾಗೋದು. ಲಕೋಟೆಗಳನ್ನ ಮನೆಗೆ ತಗೊಂಡ್ಹೋಗ್ತೀನಿ ಅಂದೆ. ರೂಲ್ಸ್ ಒಪ್ಪಲ್ವಂತೆ."

ಗಾಯದ ಅನುಮಾನವಿರುವ ಮೂರು ಸಾವಿರದ ಇನ್ನೂರು ಲಕೋಟೆಗಳಲ್ಲಿ ಸಾವಿರದ ಒಂಬೈನೂರು ತಿದ್ದಿಯಾಗಿದೆ. ದಿನಾ ಬೆಳಿಗ್ಗೆ ನಲವತ್ತರಂತೆ, ಉಳಿದ ಹದಿಮೂರು ದಿನಗಳಲ್ಲಿ ಮುಗಿಯುವುದಿಲ್ಲ. "ಕಸಕ್ಕೆ ಹಾಕೋದನ್ನ ಒಂದು ತಿಂಗಳು ಪೋಸ್ಟ್‌ಪೋನ್ ಮಾಡಿದ್ರೆ ಸಾಕಿತ್ತು. ಸಂಬಳ ಬೇಡ."

ಲಕೋಟೆಯ ಮೇಲಿನ ‘ಎರಡು’ ಹೊಡೆದುಹಾಕಿ ‘ಒಂದು’ ಎಂದು ಬರೆಯುತ್ತಾರೆ. ಪಕ್ಕದಲ್ಲಿ ತಾರೀಖು, ಪೂರ್ತಿ ಹೆಸರಿನ ಸಹಿ. ಕಸಕ್ಕೆ ಹೋಗುವುದಕ್ಕೆ ಸಹಿ ಯಾಕೆ ಎಂದು ಕೇಳುತ್ತೇನೆ.

"ಸರಿಯಾಗಿ ಓದಿದ್ದಕ್ಕೆ ಅವರು ಹೆಸರು ಹಾಕ್ಲಿಲ್ಲ, ಬಿಡಿ. ತಪ್ಪು ಓದಿದ್ದು ನಾನೇ ಅಲ್ವಾ? ಅದರ ಮೇಲಾದ್ರೂ ನನ್ನ ಹೆಸರು ಇರ್ಲಿ."