ಟೆಸ್ಟಿಂಗ್‌ಗೆ ಹಾಕುವ ಹಾಡು

ಕಾರಿಗೆ ಹೊಸ ಸ್ಪೀಕರ್ ಕೂರಿಸಿದ ಮೇಲೆ ಮೊದಲು ಯಾವ ಹಾಡು ಹಾಕುತ್ತಾನೆ ಎಂಬುದರಿಂದ ಆ ಕೆಲಸಗಾರನ ಸ್ವಭಾವ ಹೇಳಿಬಿಡಬಹುದು. ದೇವರಿಗೆ ಹೆದರುವವನು ಭಕ್ತಿಗೀತೆ ಹಾಕುತ್ತಾನೆ. ಗಿರಾಕಿಗೆ ಹೆದರುವವನು ಗಿರಾಕಿಯನ್ನೇ ಕೇಳುತ್ತಾನೆ. ನಾನು ಇಬ್ಬರಿಗೂ ಹೆದರದೆ ಹೆವಿ ಮೆಟಲ್ ಹಾಕುತ್ತೇನೆ. ನಾನು ಹೆದರುವುದು ನನ್ನ ತಂಗಿ ರೇಣುಕಾಗೆ ಮಾತ್ರ. ಅದಕ್ಕೆ ತಕ್ಕ ಕಾರಣ ನಾನೇ ಮಾಡಿಟ್ಟುಕೊಂಡಿದ್ದೇನೆ.

ಹಲಸೂರಿನಲ್ಲಿ ಕಾರುಗಳಿಗೆ ಸ್ಪೀಕರ್ ಹಾಕುವ ಅಂಗಡಿಯೊಂದರಲ್ಲಿ ನನ್ನ ಕೆಲಸ. ಶಾಲೆ ಏಳನೇ ಕ್ಲಾಸಿಗೇ ಮುಗಿಯಿತು. ಆದ್ದರಿಂದ ಸಂಗೀತದ ಬಗ್ಗೆ ನನಗೆ ತಿಳಿದಿರುವುದೆಲ್ಲ ಕಾರಿನ ಬಾಗಿಲುಗಳು ಕಲಿಸಿದ್ದು. ಒಂದು ದಿನ ಲಿಂಗರಾಜಪುರದ ಉದ್ದಕೂದಲಿನ ಹುಡುಗನೊಬ್ಬ ಹಳೇ ವ್ಯಾನ್ ತಂದು ನಿಲ್ಲಿಸಿ, ಟೆಸ್ಟ್ ಮಾಡಲು ತನ್ನದೇ ಹಾಡು ಕೊಟ್ಟ. ಅವನ ಬ್ಯಾಂಡಿನ ಹೆಸರು ಕರಿಕುಲುಮೆ. ಅವತ್ತು ವ್ಯಾನಿನ ಬಾಗಿಲಷ್ಟೇ ಅಲ್ಲ, ನನ್ನ ಪಕ್ಕೆಲುಬೂ ಅಲುಗಾಡಿತು. ಕನ್ನಡದಲ್ಲೇ ಹಾಡುತ್ತಾರೆ ಎಂಬುದು ಅವನೇ ಹೇಳಿದ ಮೇಲೆ ಗೊತ್ತಾಯಿತು. ಮನೆಯಲ್ಲಿ ಹಾಕಿದಾಗ, ಯಾದಗಿರಿ ಕಡೆಯಿಂದ ಬಂದು ಇಷ್ಟು ವರ್ಷವಾದರೂ ಮಾತು ಬದಲಿಸದ ನಮ್ಮವ್ವ ಒಲೆ ಬಿಟ್ಟು ಎದ್ದು ಬಂದಳು. "ಯಾಕ ಹಂಗ ಒದರಲಿಕತ್ತಾನ ಆ ಹುಡುಗ? ಹೊಟ್ಟಿ ಬ್ಯಾನಿ ಅದ ಏನು?"

ಗದ್ದಲ ಎಂದು ಮೂಗು ಮುರಿಯುವವರಿಗೆ ನಾನು ನಮ್ಮ ಬೀದಿಯ ಗುಡಿಯನ್ನು ತೋರಿಸುತ್ತೇನೆ. ಅಲ್ಲಿ ಮಂಗಳಾರತಿಗೆ ಕರೆಂಟಿನ ನಗಾರಿ ಇದೆ. ಸ್ವಿಚ್ ಒತ್ತಿದರೆ ಚರ್ಮದ ವಾದ್ಯವೂ ಗಂಟೆ ಜಾಗಟೆಯೂ ಒಟ್ಟಿಗೆ ಬಡಿದುಕೊಳ್ಳುತ್ತವೆ. ಆ ಸದ್ದಿನಲ್ಲಿ ಕಣ್ಣು ಮುಚ್ಚಿ ನೆಮ್ಮದಿ ಕಂಡುಕೊಳ್ಳುವ ಜನ ಮೆಟಲ್ ಕೇಳಿ ಕಿವಿ ಮುಚ್ಚುವುದು ನನಗೆ ಅರ್ಥವಾಗಿಲ್ಲ. ತಲೆಯೊಳಗಿನ ಸಣ್ಣ ಸಣ್ಣ ಸದ್ದುಗಳನ್ನು ಅಡಗಿಸಲು ಹೊರಗೆ ಒಂದು ದೊಡ್ಡ ಸದ್ದು ಬೇಕು. ಗುಡಿ ಕಟ್ಟಿದವರಿಗೂ ಕರಿಕುಲುಮೆಯವರಿಗೂ ಇದು ಗೊತ್ತಿದೆ.

ಅವರ ಮೊದಲ ಆಲ್ಬಂ 'ಹೊಗೆ'. ಹಾಡುವವನು ನೀರಿನ ಟ್ಯಾಂಕಿನೊಳಗೆ ಕೂತಂತಿದ್ದಾನೆ. ಗಿಟಾರ್ ಮಿಕ್ಸಿಗೆ ಕೊಬ್ಬರಿ ಹಾಕಿದಂತಿದೆ. ಆದರೂ ಅದರಲ್ಲೊಂದು ಹಸಿವಿದೆ. ಎರಡನೆಯದು 'ಇದ್ದಿಲು'. ಅದರ ಬಗ್ಗೆ ಮಾತಾಡುವಾಗ ನಾನು ಸ್ವಲ್ಪ ನೆಟ್ಟಗೆ ಕೂರುತ್ತೇನೆ. ಅದರ ಮೂರನೇ ಹಾಡಿನಲ್ಲಿ ಡ್ರಮ್ಸ್ ಎಡಬಾಗಿಲಿನಿಂದ ಹೊರಟು ಡಿಕ್ಕಿ ಸುತ್ತಿ ಬಲಬಾಗಿಲಿಗೆ ಬರುತ್ತದೆ. ಸ್ಪೀಕರಿನಲ್ಲಿ ಕೂದಲೆಳೆಯಷ್ಟು ದೋಷವಿದ್ದರೂ ಅಲ್ಲಿ ಸಿಕ್ಕಿಬೀಳುತ್ತದೆ. ಡ್ರಮ್ಸ್ ಬಾರಿಸಿದವನು ಸ್ಟೀಫನ್. ಆಮೇಲೆ ಅವನು ಮದುವೆಯಾಗಿ, ಕೋಲಾರದ ಕಡೆ ಹೋಗಿ ಕೋಳಿ ಫಾರಂ ಇಟ್ಟುಕೊಂಡ.

ಅವನ ಜಾಗಕ್ಕೆ ಬಂದವಳೇ ನನ್ನ ತಂಗಿ ರೇಣು.

ನಾನು ಮನೆಯಲ್ಲಿ ಹಾಕುತ್ತಿದ್ದ 'ಇದ್ದಿಲು' ಕೇಳಿಕೊಂಡೇ ಅವಳು ಖಾಲಿ ಪೇಂಟ್ ಬಕೆಟ್ ಬಾರಿಸಲು ಶುರುಮಾಡಿದ್ದು. ಈಗ ಇಂದಿರಾನಗರದಲ್ಲಿ ಮಕ್ಕಳಿಗೆ ಡ್ರಮ್ಸ್ ಕಲಿಸುತ್ತಾಳೆ. ಮೂರನೇ ಆಲ್ಬಂ 'ಸುತ್ತಿಗೆ', ನಾಲ್ಕನೆಯ 'ಅಡಿಗಲ್ಲು', ಮೊನ್ನೆ ಬಂದ ಐದನೆಯ 'ತಣ್ಣೀರು', ಮೂರರಲ್ಲೂ ಅವಳದೇ ಕೈ. ತಿಳಿದವರೆಲ್ಲ ಈ ಮೂರೇ ಮೇಲು ಎನ್ನುತ್ತಾರೆ. ಒಡಹುಟ್ಟಿದ ನನಗೆ ಮಾತ್ರ ಎರಡನೆಯದೇ ಮೇಲು. ಇದಕ್ಕಿಂತ ನಾಚಿಕೆಗೇಡು ಬೇರೆ ಇದೆಯೇ? ಕೋಳಿ ಸಾಕುವವನನ್ನು ತಂಗಿಗಿಂತ ಮೇಲೆ ಕೂರಿಸಿದ ಅಣ್ಣ ನಾನು.

ನನಗೆ ಅವಳ ಡ್ರಮ್ಸ್ ಹಾಡಾಗಿ ಕೇಳಿಸುವುದೇ ಇಲ್ಲ. 'ಸುತ್ತಿಗೆ'ಯ ವೇಗ ಕೇಳಿದರೆ ಅವಳ ಮಣಿಕಟ್ಟು ನೆನಪಾಗುತ್ತದೆ. 'ಅಡಿಗಲ್ಲಿ'ನ ಉದ್ದ ಹಾಡಿನ ನಡುವೆ ಡ್ರಮ್ಸ್ ನಿಂತು ಬರೀ ಗಿಟಾರ್ ನುಡಿಯುವ ಜಾಗವೊಂದಿದೆ. ಇಡೀ ಆಲ್ಬಮ್ಮಿನಲ್ಲಿ ನನಗೆ ಹಿತವಾದದ್ದು ಅದೊಂದೇ. ಪಾಪ, ಆಗಲಾದರೂ ಒಂದು ಗುಟುಕು ನೀರು ಕುಡಿದಿರುತ್ತಾಳೆ ಎಂದುಕೊಳ್ಳುತ್ತೇನೆ.

ಆದರೆ ಅವಳಿಗೆ ಹೇಳಿದ್ದೇ ಬೇರೆ. "ನಿನ್ನ ಹಾಡಲ್ಲಿ ಟೆಸ್ಟ್ ಮಾಡ್ದೆ ಒಂದ್ ಕಾರೂ ಅಂಗಡಿ ಬಿಟ್ಟು ಹೋಗಲ್ಲ ರೇಣು." ಎಲ್ಲ ಆಲ್ಬಮ್ಮಿಗೂ "ಸೂಪರ್" ಎಂಬ ಒಂದೇ ಅಭಿಪ್ರಾಯ. ನಿಜಕ್ಕೂ ನಾನು ಹಾಕುತ್ತಿದ್ದದ್ದು 'ಇದ್ದಿಲಿ'ನ ಮೂರನೇ ಹಾಡು. ಅದನ್ನು ಸೆಟ್ಟಿನ ಮೆಮೊರಿಗೆ ಹಾಕಿ, ಟೆಸ್ಟ್ ಮುಗಿದ ಮೇಲೂ ಅಳಿಸದೆ ಬಿಡುತ್ತಿದ್ದೆ. ಅಭಿಮಾನಿಯ ಪುಕ್ಕಟೆ ಪ್ರಚಾರ! ಊರ ತುಂಬ ಓಡಾಡುವ ಕಾರುಗಳಲ್ಲಿ ನನ್ನ ಸುಳ್ಳಿಗೆ ಸಾಕ್ಷಿ ಇಟ್ಟು ಕಳಿಸುತ್ತಿದ್ದೇನೆ ಎಂದು ಹೊಳೆಯಲಿಲ್ಲ.

ಹೋದ ವಾರ ಮಧ್ಯಾಹ್ನ ಅಂಗಡಿ ಮುಂದೆ ಒಂದು ಟ್ಯಾಕ್ಸಿ ನಿಂತಿತು. ಹಿಂದಿನ ಸೀಟಿನಿಂದ ರೇಣು ಇಳಿದಳು. ಕೆ.ಆರ್.ಪುರದಲ್ಲಿ ಹತ್ತಿದ್ದಳಂತೆ. ಒಳಗೆ 'ಇದ್ದಿಲು' ಬಡಿಯುತ್ತಿತ್ತು.

"ಅಣ್ಣ, ಬಾ ಇಲ್ಲಿ. ಇದು ಯಾರು ಬಾರ್ಸಿದ್ದು?"

ನಾನು ಸ್ಪ್ಯಾನರ್ ಒರೆಸತೊಡಗಿದೆ. ಆಗಲೇ ಡ್ರೈವರ್ ಕಿಟಕಿಯಿಂದ ತಲೆ ಹಾಕಿದ. "ಏಯ್ ಗುರು, ನೀನೇ ಅಲ್ವಾ ಹಾಕ್ಕೊಟ್ಟಿದ್ದು? ತೆಗೆಯೋಕೆ ನಂಗೆ ಬರ್ತಿಲ್ಲ. ಗಾಡಿ ಸ್ಟಾರ್ಟ್ ಮಾಡಿದ್ರೆ ಸಾಕು, ಶುರುವಾಗತ್ತೆ. ನನ್ ಹೆಂಡ್ತಿ ಈ ಕಾರಲ್ಲಿ ತವರಿಗೂ ಬರಲ್ಲ ಅಂತಿದಾಳೆ."

"ಇನ್ನೂ ಎಷ್ಟ್ ಕಾರಲ್ಲಿದಾನೆ ಸ್ಟೀಫನ್ನು?" ಎಂದಳು ರೇಣು.

ಅವಳು ಕೂಗಾಡಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆ. ಮೆಲ್ಲಗೆ ಕೇಳಿದಳು ನೋಡಿ, ಹೇಳಿಬಿಟ್ಟೆ. 'ಸುತ್ತಿಗೆ' ಬಂದ ಹೊಸದರಲ್ಲಿ ಅದನ್ನೇ ಟೆಸ್ಟಿಗೆ ಹಾಕಿದ್ದೆ. ಹಿಂದಿನಿಂದ ಏನೋ ಗಲಗಲ ಎಂದಿತು. ಸ್ಪೀಕರ್ ಸರಿಯಿಲ್ಲ ಎಂದು ಬಿಚ್ಚಿ ಬೇರೆಯದು ಹಾಕಿದೆ. ಮತ್ತೆ ಗಲಗಲ. ಅದನ್ನೂ ಬಿಚ್ಚಿದೆ. ಬಾಗಿಲು, ಸೀಟು, ಕೊನೆಗೆ ಸ್ಟೆಪ್ನಿಯನ್ನೂ ತೆಗೆಸಿದೆ. ಗಿರಾಕಿ ನಾಷ್ಟಾ ಮುಗಿಸಿ ಬಂದವನು ಊಟದ ಹೊತ್ತಿಗೂ ಅಲ್ಲೇ ನಿಂತಿದ್ದ. ಸದ್ದು ಹಾಡಿನೊಳಗೇ ಇತ್ತು.

"ಅದು ನಾನು ಡ್ರಮ್ಸಿನ ಕಂಚಿನ ತಟ್ಟೆಗೆ ಕಟ್ಟಿದ್ದ ಸರಪಳಿ ಅಣ್ಣ! ಬೇಕಂತಲೇ ಕಟ್ಟಿದ್ದು!" ರೇಣು ಬಾನೆಟ್ಟಿಗೆ ಒರಗಿ ನಕ್ಕಳು.

"ನಂಗೇನ್ ಗೊತ್ತು? ತಪ್ಪು ನಿಂದಿರಬಹುದು ಅಂತ ತಲೆಗೇ ಬರ್ಲಿಲ್ಲ. ಅವತ್ತಿಂದ ನಿನ್ ಹಾಡು ಟೆಸ್ಟಿಗೆ ಹಾಕೋದೇ ಬಿಟ್ಟೆ."

ಅವಳ ನಗು ನಿಂತಿತು. "ಅಂದ್ರೆ ಮೂರು ಆಲ್ಬಂ ಆಯ್ತು, ನೀನು ನನ್ನ ಡ್ರಮ್ಸ್ ಕೇಳೇ ಇಲ್ಲ. ಬಕೆಟ್ ಬಾರ್ಸ್ತಿದ್ದಾಗ ಜೋರಾಗಿ ಬಾರ್ಸು ಅಂದೋನು ನೀನೊಬ್ನೇ. ಯಾರ್ ಏನ್ ಅಂದ್ರೂ ನಡೀತಿತ್ತು. ನೀನು ಕೇಳ್ಬೇಕಿತ್ತು."

ಹೊಗಳಿಕೆಯನ್ನು ತಟ್ಟೆ ತುಂಬ ಬಡಿಸಿದ್ದೆ. ಕಿವಿಯನ್ನು ಮಾತ್ರ ಕೊಟ್ಟಿರಲಿಲ್ಲ. ಅವಳು ಡ್ರೈವರನ್ನು ಇಳಿಸಿ, ನನ್ನನ್ನು ಆ ಸೀಟಿಗೆ ತಳ್ಳಿ, ತನ್ನ ಫೋನಿನಿಂದ 'ತಣ್ಣೀರು' ಹಾಕಿ ಬಾಗಿಲು ಮುಚ್ಚಿದಳು. "ಇದು ಯಾರೋ ಕೋಲಾರದೋನು ಬಾರ್ಸಿದ್ದು ಅಂದ್ಕೊಂಡು ಕೇಳು."

ಅಂದುಕೊಂಡೆ. ಮಣಿಕಟ್ಟು ಒಂದೆರಡು ಸಲ ಅಡ್ಡ ಬಂತು, ದಬ್ಬಿದೆ. ಮೊದಲ ಹಾಡಿನಲ್ಲಿ ಸದ್ದು ಕಾರಿನ ನೆಲದಿಂದ ಎದ್ದು ಬಂದು ಬೆನ್ನು ತಟ್ಟಿತು. ಅಬ್ಬಾ, ಈ ಕೋಲಾರದವನು ಸಾಮಾನ್ಯನಲ್ಲ! ಎರಡನೆಯದು ಮುಗಿದಾಗ ಕಿಟಕಿ ಇಳಿಸಿದೆ.

"ಮೊದಲನೇದು ಸ್ಟೀಫನ್ ಕೈಲಿ ಆಗಲ್ಲ. ಎರಡನೇದರ ಕೊನೇಲಿ ಮಾತ್ರ ಬಸ್ ಹಿಡಿಯೋಳ ಥರ ಓಡ್ತೀಯ. ಗಿಟಾರ್ ಸ್ಟಾಪಲ್ಲೇ ಉಳ್ಕೊಳ್ಳತ್ತೆ."

"ಬೇಕಂತಲೇ ಓಡಿಸಿದ್ದು! ನಿಂಗೇನ್ ಗೊತ್ತಾಗತ್ತೆ?"

"ಸರಪಳೀನೂ ಬೇಕಂತಲೇ, ಓಡಿದ್ದೂ ಬೇಕಂತಲೇ. ತಪ್ಪೇ ಮಾಡಲ್ವಾ ನೀನು?"

"ಮೇಡಂ, ವೇಟಿಂಗ್ ಚಾರ್ಜ್ ಆಗತ್ತೆ," ಎಂದ ಡ್ರೈವರ್. ಯಾರೂ ಕೇಳಿಸಿಕೊಳ್ಳಲಿಲ್ಲ. ನಾವಿಬ್ಬರೂ ಹಾಡಿನ ವಿಷಯಕ್ಕೆ ಜಗಳವಾಡಿದ್ದು ಅದೇ ಮೊದಲು. "ಸೂಪರ್" ಎಂದಾಗಲೆಲ್ಲ ಮಂಕಾಗಿರುತ್ತಿದ್ದ ಅವಳ ಮುಖ ಅವತ್ತು ಕೋಪದಲ್ಲಿ ಎಷ್ಟು ಕಳೆಕಳೆಯಾಗಿತ್ತು!

ಈಗ ನಮ್ಮ ಅಂಗಡಿಯಲ್ಲಿ ಟೆಸ್ಟಿಂಗ್‌ಗೆ 'ತಣ್ಣೀರು'. ಕಿವಿ ಕೊಟ್ಟು ಕೇಳುತ್ತೇನೆ, ಸಂಜೆ ಮನೆಯಲ್ಲಿ ಅವಳೊಂದಿಗೆ ವಾದ ಮಾಡುತ್ತೇನೆ. ಪೂರ್ತಿ ಸುಧಾರಿಸಿಬಿಟ್ಟಿದ್ದೇನೆ ಎಂದು ನಾನೂ ನಂಬಿದ್ದೆ. ನಿನ್ನೆ ಜೀವನ್ ಬಿಮಾ ನಗರದ ಹಿರಿಯರೊಬ್ಬರು ಎರಡನೇ ಹಾಡಿನ ಕೊನೆಗೆ ಹುಬ್ಬು ಗಂಟಿಕ್ಕಿದರು. "ಏನಪ್ಪಾ, ಡ್ರಮ್ಸು ಸ್ವಲ್ಪ ಮುಂದೆ ಓಡ್ದಂಗಿದೆ?"

"ಡ್ರಮ್ಸ್ ಸರಿಯಾಗೇ ಇದೆ ಸಾರ್," ಎಂದೆ. "ಸ್ಪೀಕರ್ ಹೊಸದಲ್ವಾ, ಸೆಟ್ ಆಗೋಕೆ ಟೈಮ್ ಬೇಕು."